ಮಗ್ಗ ನಿಂತರೆ ಏಳುವ ಕೂಸು

ಬನಹಟ್ಟಿಯಲ್ಲಿ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಡಾಕ್ಟರ್ ಬೇಕಿಲ್ಲ. ಕರೆಂಟ್ ಹೋದರೆ ಸಾಕು.

ಪವರ್‌ಲೂಮ್ ನಿಂತಿತೋ, ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಲಗಿದ ಕೂಸು ಎಚ್ಚೆತ್ತು ಅಳುತ್ತದೆ. "ಮಗ್ಗದ ಸಪ್ಪಳ ನಿಂತದ್ದು ಹೆಂಗ ಗೊತ್ತಾತು ಇಕಿಗೆ? ಕಿವಿ ಛಲೋ ಅದಾವು," ಎಂದು ನಮ್ಮ ಅಕ್ಕನ ಗಂಡ, ಅಂದರೆ ಭಾವ, ಐದು ತಿಂಗಳ ಮೊಮ್ಮಗಳ ಬಗ್ಗೆ ತೀರ್ಪು ಕೊಟ್ಟಾಗಿತ್ತು. ಓಣಿಯೂ ಒಪ್ಪಿತ್ತು.

ಒಪ್ಪದವಳು ಹೆತ್ತವಳು. ಬಾಣಂತನಕ್ಕೆ ತವರಿಗೆ ಬಂದಿದ್ದ ಸುಮಾ. ಕರೆದರೆ ಕೂಸು ತಿರುಗುವುದಿಲ್ಲ ಎಂಬುದು ಅವಳ ತಕರಾರು. ಜಮಖಂಡಿಗೆ ಹೋಗಿ ‘ಬೇರಾ’ ಎಂಬ ಕಿವಿಯ ಟೆಸ್ಟ್ ಮಾಡಿಸೋಣ ಎಂದು ಮೊದಲು ಹೇಳಿದವನು ನಾನು. ಹಾಗೆಂದು ನನ್ನ ನೆನಪು. (ತಾನೇ ಹೇಳಿದ್ದು ಎನ್ನುತ್ತಾಳೆ ಸುಮಾ. ಇರಬಹುದು. ನನ್ನ ನೆನಪು ಯಾವಾಗಲೂ ನನ್ನದೇ ಪಕ್ಷ.)

ಈ ಟೆಸ್ಟ್‌ನಲ್ಲಿ ಕೂಸಿನ ಕೆಲಸ ಒಂದೇ: ನಿದ್ದೆ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಅದು ನರ ಹಿಡಿದು ಮೆದುಳಿನ ಬುಡ ಮುಟ್ಟಿದರೆ ಪರದೆಯ ಮೇಲೆ ಅಲೆ ಏಳುತ್ತದೆ. ಮನೆಯ ಹಿರಿಯರ ಅಭಿಪ್ರಾಯ ಕೇಳುವುದಿಲ್ಲ. (ಭಾವನವರ ಸಿಟ್ಟಿಗೆ ಅದೇ ಕಾರಣ.)

ಆದರೆ ಜಮಖಂಡಿಯ ಆಸ್ಪತ್ರೆಯ ನಿಶ್ಶಬ್ದ ಕೋಣೆಯಲ್ಲಿ ಕೂಸು ಮಲಗಲೊಲ್ಲದು. ಭಾವ ಮೊಬೈಲ್‌ನಲ್ಲಿ ಮನೆಯ ಮಗ್ಗದ ಸಪ್ಪಳ ರೆಕಾರ್ಡ್ ಮಾಡಿಕೊಂಡೇ ಬಂದಿದ್ದರು. ಫುಲ್ ವಾಲ್ಯೂಮ್. ನಾವೆಲ್ಲ ಕಿವಿ ಮುಚ್ಚಿಕೊಂಡೆವು, ಕೂಸು ಅಳುತ್ತಲೇ ಇತ್ತು. ಕೊನೆಗೆ ಸುಮಾ ಹೊರಗಿದ್ದ ಆಟೋ ಸ್ಟಾರ್ಟ್ ಮಾಡಿಸಿ ಅದರಲ್ಲಿ ಕೂತಳು. ನಡುಗುವ ಸೀಟಿನ ಮೇಲೆ ಕೂಸಿಗೆ ಗಾಢ ನಿದ್ದೆ.

ಟೆಸ್ಟ್ ಮಾಡುವ ಮೇಡಂ ಇದನ್ನೆಲ್ಲ ನೋಡುತ್ತಿದ್ದರು. ಒಳಗೆ ಮಲಗಿಸಿ ಸದ್ದು ಏರಿಸುತ್ತ ಹೋದರು. ಎರಡೂ ಕಿವಿಗೆ. ತೀರ ಜೋರು ಮಾಡಿದಾಗಷ್ಟೇ ಒಂದು ಬಡಕಲು ಅಲೆ ಎದ್ದಿತು.

"ಕೂಸಿಗೆ ಗೊತ್ತಾಗೂದು ಮಗ್ಗದ ಸಪ್ಪಳ ಅಲ್ಲರಿ, ನೆಲದ ನಡುಕ," ಎಂದರು. ಈಗಲೇ ಕಿವಿಗೆ ಮಷಿನ್ ಹಾಕಿದರೆ ಮಾತು ಕಲಿಯಲು ದಾರಿಯಿದೆ, ತಡ ಮಾಡಬೇಡಿ ಎಂದೂ ಹೇಳಿದರು.

ಭಾವನವರ ಚಿಂತೆಯೇ ಬೇರೆ. ಬೀಗರು ಬಂದು ತಾಯಿ-ಮಗುವನ್ನು ಕರೆದುಕೊಂಡು ಹೋಗಲಿ, ಮಷಿನ್ ಆಮೇಲೆ ನೋಡಿದರಾಯಿತು. ಈಗಲೇ ಅದು ಅವರ ಕಣ್ಣಿಗೆ ಬಿದ್ದರೆ ಮನೆತನದ ಹೆಸರೇನಾಗಬೇಕು? (ಹೀಗೆ ಕೇಳುವಾಗ ಅವರ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕವಿತ್ತು. ಅದರಿಂದ ಯಾವ ಮನೆತನವೂ ಮುಳುಗಿಲ್ಲ.)

"ಅಲ್ಲೀತನಾ ಇಕಿ ಅವ್ವಾ ಅನ್ನೂದು ಹೆಂಗ ಕಲೀಬೇಕಪ್ಪಾ?" ಎಂದಳು ಸುಮಾ. ಉತ್ತರಕ್ಕೆ ಕಾಯದೆ ಗಂಡನಿಗೆ ಫೋನ್ ಹಚ್ಚಿದಳು.

ಬೀಗರಿಂದ ಮುಚ್ಚಿಡಬಹುದು ಸ್ವಾಮಿ, ಮಾತು ಕಲಿಯುವ ವಯಸ್ಸಿಗೆ ‘ಸ್ವಲ್ಪ ನಿಲ್ಲು’ ಎಂದು ಹೇಳಿಬರುವವರು ಯಾರು?