ರಂಜಕದ ಘಾಟು

ಗಂಗಾನಗರದ ಬಾಡಿಗೆ ಮನೆಯಲ್ಲಿ ಮೊದಲ ದಿನ ರಂಜಕದ ಭರಣಿಯ ಮುಚ್ಚಳ ತೆಗೆದೆ, ಅಷ್ಟೇ. ಮಹಡಿಯಿಂದ ಓನರ್ ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದು ಬಂದರು.

“ಏನಮ್ಮಾ ಇದು, ಇಂಗೆ ಘಾಟು? ಇದ್ನ ಮನೆಯೊಳಗೆ ಇಡ್ಬೇಡ ಕಣಮ್ಮ.”

ನಮ್ಮ ಗದಗಿನ ಕಡೆಯವರಿಗೆ ರಂಜಕ ಏನೆಂದು ಹೇಳಬೇಕಿಲ್ಲ. ಇಲ್ಲಿ ಹೇಳಬೇಕಾಯಿತು: ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ಲಿಂಬೆರಸ ಹಾಕಿ ರುಬ್ಬಿದ್ದು, ರೊಟ್ಟಿಯ ಜೊತೆಗಾರ. ಅಲ್ಲಿ ಒಲೆಯ ಪಕ್ಕದಲ್ಲೇ ಇರುತ್ತಿದ್ದ ಭರಣಿ ಇಲ್ಲಿ ಹೊರಗೆ, ನೀರಿನ ಮೋಟರಿನ ಗೂಡು ಸೇರಿತು. ಊಟದ ನಡುವೆ ಎದ್ದು, ಚಪ್ಪಲಿ ಮೆಟ್ಟಿ, ರೊಟ್ಟಿಗೆ ಸವರಿಕೊಂಡು ಬರುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹೆಬ್ಬಾಳದ ಬಳಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಶಾಸ್ತ್ರ ಪಾಠ ಹೇಳುವವಳು ನಾನು. ದಿನವೂ ಬರುವ ವಾಸನೆಯನ್ನು ಮೂಗು ಲೆಕ್ಕಕ್ಕೇ ಇಡುವುದಿಲ್ಲ. ಹೊಸದು ಬಂದರೆ ಮಾತ್ರ ಕೂಗೆಬ್ಬಿಸುತ್ತದೆ. ಆಂಟಿಯ ಹಸುಗಳ ಕೊಟ್ಟಿಗೆ ನನ್ನ ಕಿಟಕಿಗೇ ಆತುಕೊಂಡಿತ್ತು. ಅದು ಅವರಿಗೆ ನಾರುತ್ತಲೇ ಇರಲಿಲ್ಲ! ಕಾಲ ಬರಲಿ ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಬಂತು. ಜ್ವರ ಬಂದು ಹೋದ ಮೇಲೆ ಆಂಟಿಗೆ ಯಾವ ವಾಸನೆಯೂ ತಿಳಿಯದಾಯಿತು.

“ಮುದ್ದೆ, ಸಾರು ಎಲ್ಲಾ ಮಣ್ಣು ತಿಂದಂಗೈತೆ ಕಣಮ್ಮ” ಎಂದು ಅತ್ತರು.

ನನಗೆ ಒಳಗೊಳಗೇ ಹಿಗ್ಗು. ಮೂಗು ಸತ್ತರೂ ಖಾರ ಸಾಯುವುದಿಲ್ಲ. ಅದು ವಾಸನೆಯೂ ಅಲ್ಲ, ರುಚಿಯೂ ಅಲ್ಲ, ನಾಲಿಗೆಯ ನೋವು. ಬಟ್ಟಲು ತುಂಬ ರಂಜಕ ಒಯ್ದು, “ಇದನ್ನ ತಿನ್ರಿ ಆಂಟಿ, ಬಾಯಿಗೆ ರುಚಿ ಬರ್ತೈತಿ” ಎಂದೆ. ಘಾಟು ತಿಳಿಯದ ಅವರು ದೊಡ್ಡ ತುತ್ತಿಗೇ ಮೆತ್ತಿಕೊಂಡರು.

ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖವೆಲ್ಲ ಕೆಂಪು. ನಾನು ಕಣ್ತುಂಬ ನೋಡಿದೆ. ಆಗ ಆಂಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

“ಏನೋ ಗೊತ್ತಾಯ್ತು ಕಣಮ್ಮಾ! ಇನ್ನೊಸಿ ಆಕು.”

ಕೇಡು ಬಗೆಯಲು ಹೋಗಿ ಪುಣ್ಯ ಕಟ್ಟಿಕೊಂಡಿದ್ದೆ. ಅವರಿಗೆ ವಾಸನೆ ಮರಳಿದ ಮೇಲೂ ಬಟ್ಟಲು ಕೆಳಗಿಳಿದು ಬರುವುದು ನಿಲ್ಲಲಿಲ್ಲ. ಭರಣಿಯಂತೂ ಮರ್ಯಾದೆಯಿಂದ ಮನೆಯೊಳಗೆ ಬಂತು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಅವರು ನರಳಲೆಂದು ಕೊಟ್ಟದ್ದನ್ನು ಅವರು ಚಪ್ಪರಿಸಿದ್ದರು.

ಮೊನ್ನೆ ಹೊಸ ರಂಜಕ ಹೊತ್ತು ಊರಿನಿಂದ ಅತ್ತಿಗೆ ಬಂದರು. ಒಳಗೆ ಕಾಲಿಟ್ಟವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಅಯ್ಯ, ಏನ್ ನಾತವ್ವಾ ಇದು! ಹ್ಯಾಂಗ ಇರ್ತೀ ಇಲ್ಲೆ?”

ಕೊಟ್ಟಿಗೆಯ ಕಡೆಯ ಕಿಟಕಿಯತ್ತ ಉಸಿರೆಳೆದು ನೋಡಿದೆ. ಏನೂ ಬಡಿಯಲಿಲ್ಲ. ನಾಲಿಗೆ ಇನ್ನೂ ಗದಗಿನದೇ. ಮೂಗು ಮಾತ್ರ ನನ್ನನ್ನು ಕೇಳದೆಯೇ ಆಂಟಿಯ ಪಕ್ಷ ಸೇರಿಕೊಂಡಿತ್ತು.

“ಯಾವ ನಾತ?” ಎಂದೆ.

ಮಹಡಿಯಲ್ಲಿ ಆಂಟಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆ ನಗುವಿನ ಸೇಡು ಇನ್ನೂ ಬಾಕಿ ಇದೆ.