ದೊಡ್ಡಮ್ಮನ ಜೊತೆ ಕುದುರೆ ನೋಡಲು ಹೋದದ್ದು

ನನ್ನ ಹೆಂಡತಿಯ ದೊಡ್ಡಮ್ಮ ಮೂರು ತಿಂಗಳಿದ್ದು ಹೋಗಲೆಂದು ಮೈಸೂರಿನಿಂದ ಅಮೆರಿಕದ ಟೆಕ್ಸಸ್ ರಾಜ್ಯದ ಅಲೆನ್‌ನ ನಮ್ಮ ಮನೆಗೆ ಬಂದಾಗ, ನಾನು ಮಾಮೂಲಿ ಪಟ್ಟಿ ತಯಾರು ಮಾಡಿಟ್ಟಿದ್ದೆ. ಹ್ಯೂಸ್ಟನ್ನಿನ ದೇವಸ್ಥಾನ, ಹಾಗೇ ಅಲ್ಲಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯ ಪೇಟೆಯಲ್ಲಿ ಸೀರೆ ಮತ್ತು ಚಾಟ್, ಆಸ್ಟಿನ್ನಿನ ಸೇತುವೆಯ ಬಾವಲಿಗಳು. ಊರಿಂದ ಬಂದ ಹಿರಿಯರನ್ನೆಲ್ಲ ನಾವು ಇದೇ ದಾರಿಯಲ್ಲಿ ಒಂದು ಸುತ್ತು ಓಡಿಸಿ, ಫೋಟೊ ತೆಗೆದು, ವಿಮಾನ ಹತ್ತಿಸುವುದು ವಾಡಿಕೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪಟ್ಟಿ ಓದಿ, ಮಡಿಸಿ ನನ್ನ ಕೈಗೇ ಕೊಟ್ಟರು.

"ದೇವರು ಮೈಸೂರಲ್ಲೂ ಇದಾನೆ ಅಳಿಯಂದಿರೇ. ಬಾವಲಿ ನಮ್ಮ ಹಿತ್ತಲ ಮರದಲ್ಲೇ ನೇತಾಡ್ತಿರತ್ತೆ. ನನಗೆ ಕುದುರೆ ತೋರಿಸಿ."

ಅವರಿಗೆ ಆಗ ಎಪ್ಪತ್ತನಾಲ್ಕು. ಮದುವೆಯಾಗದೆ, ಮೂವತ್ತೈದು ವರ್ಷ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡಿದವರು. ಚಿಕ್ಕಂದಿನಲ್ಲಿ ರೇಸ್‌ಕೋರ್ಸ್ ಹತ್ತಿರ ಮನೆಯಿದ್ದದ್ದರಿಂದ ಬೆಳಗಿನ ಹೊತ್ತು ಕುದುರೆ ಓಡಿಸುವುದನ್ನು ತಾರಸಿಯಿಂದ ನೋಡುತ್ತಾ ಹಲ್ಲುಜ್ಜಿದವರು. ಇವತ್ತಿಗೂ ಪೇಪರ್ ಬಂದರೆ ಮೊದಲು ರೇಸಿನ ಪುಟ, ಆಮೇಲೆ ದೇಶದ ವಿಷಯ.

ಡಲ್ಲಾಸ್‌ನ ಉತ್ತರಕ್ಕೆ, ನಮ್ಮ ಮನೆಯಿಂದ ಒಂದು ಗಂಟೆ ದೂರದಲ್ಲಿ, ಕುದುರೆ ಸಾಕುವ ಫಾರ್ಮುಗಳು ಸಾಲಾಗಿವೆ. ಹನ್ನೆರಡು ವರ್ಷದಿಂದ ಅಲೆನ್‌ನಲ್ಲಿರುವ ನನಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಪ್ಲೇನೊದ ಆಫೀಸಿಗೆ ಹೋಗುವ ದಾರಿ ಮತ್ತು ಅಲ್ಲಿಂದ ಬರುವ ದಾರಿ. ಹುಡುಕಿದಾಗ ಒಬ್ಬ ಗೈಡ್ ಸಿಕ್ಕಿದ. ಐರ್ಲೆಂಡಿನ ಸ್ಟಡ್ ಫಾರ್ಮುಗಳಲ್ಲಿ ಬೆಳೆದು, ಹರೆಯದಲ್ಲಿ ಟೆಕ್ಸಸ್‌ಗೆ ಬಂದು, ಇಲ್ಲೇ ಮುದುಕನಾದವನು. ಒಂದು ದಿನದ ಮಟ್ಟಿಗೆ ತನ್ನದೇ ಗಾಡಿಯಲ್ಲಿ ಕರೆದೊಯ್ದು ತೋರಿಸುತ್ತೇನೆಂದ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾವು ಮೂವರು ಅವನ ಗಾಡಿ ಹತ್ತಿದೆವು. ಹತ್ತು ನಿಮಿಷದಲ್ಲಿ ನನಗೊಂದು ಸತ್ಯ ಹೊಳೆಯಿತು: ಅವನ ಇಂಗ್ಲಿಷ್ ನನಗೆ ಅರ್ಥವಾಗುತ್ತಿಲ್ಲ. ದಿನಕ್ಕೆ ಆರು ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡುವ ನಾನು ಅವನ ಪ್ರತಿ ಮಾತಿಗೂ ನಕ್ಕು ತಲೆಯಾಡಿಸುತ್ತಿದ್ದೆ. ನನ್ನ ಹೆಂಡತಿಯೂ ಅದನ್ನೇ ಮಾಡುತ್ತಿದ್ದಳು. ಮುಂದಿನ ಸೀಟಿನಲ್ಲಿ ಕೂತ ದೊಡ್ಡಮ್ಮ ಮಾತ್ರ ಅವನ ಜೊತೆ ಹರಟೆಗಿಳಿದಿದ್ದರು.

"ನಿಮಗೆ ಹೇಗೆ ಅರ್ಥ ಆಗತ್ತೆ ದೊಡ್ಡಮ್ಮ?" ಎಂದೆ.

"ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳೆಲ್ಲ ಐರ್ಲೆಂಡಿನವರೇ. ಇದೇ ಭಾಷೇಲಿ ಏಳು ವರ್ಷ ಬೈಸ್ಕೊಂಡಿದೀನಿ. ನೀವು ಕುದುರೆ ಸತ್ತ ವಿಷಯಕ್ಕೆ ನಕ್ಕಿರಿ, ಅವನಿಗೆ ಬೇಜಾರಾಗಿದೆ."

ಅಲ್ಲಿಂದ ಮುಂದೆ ದೊಡ್ಡಮ್ಮನೇ ನಮಗೆ ದುಭಾಷಿ. ಬಿಳಿ ಬೇಲಿಗಳ ನಡುವೆ ಗಾಡಿ ಸಾಗುವಾಗ ಅವನು ಅರ್ಧ ಗಂಟೆಗೊಮ್ಮೆ ಐರ್ಲೆಂಡಿನ ಹುಲ್ಲನ್ನು ಹೊಗಳುತ್ತಿದ್ದ. ಮೂರನೆಯ ಸಲಕ್ಕೆ ದೊಡ್ಡಮ್ಮ, "ಮತ್ತೆ ಹುಲ್ಲು" ಎಂದಷ್ಟೇ ಅನುವಾದಿಸಿದರು.

ಎರಡನೆಯ ಫಾರ್ಮಿನಲ್ಲಿ ಗೈಡ್ ನಮ್ಮನ್ನು ಲಾಯದ ಹಿಂದೆ ಕರೆದೊಯ್ದ. ಎದೆಯೆತ್ತರದ ಹಲಗೆಯ ತಡೆ. ಅದಕ್ಕೆ ದಪ್ಪ ಮೆತ್ತೆ ಬಡಿದಿದ್ದರು. ಆ ಕಡೆ ಒಂದು ಕಂದು ಹೆಣ್ಣು ಕುದುರೆ. ಈ ಕಡೆಗೆ ಕುಳ್ಳಗಿನ, ಬೊಜ್ಜಿನ ಒಂದು ಗಂಡನ್ನು ಹಿಡಿದು ತಂದರು. ಅದು ಮೂಗರಳಿಸಿ, ಕತ್ತು ಬಾಗಿಸಿ, ತನಗೆ ಗೊತ್ತಿದ್ದ ಶೃಂಗಾರವನ್ನೆಲ್ಲ ತೋರಿಸಿತು. ಗೈಡ್ ಪಿಸುದನಿಯಲ್ಲಿ ವಿವರಿಸಿದ. ದೊಡ್ಡಮ್ಮ ಪಿಸುದನಿ ಬಳಸಲಿಲ್ಲ.

"ಇದಕ್ಕೆ ಟೀಸರ್ ಅಂತಾರೆ. ಹೆಣ್ಣು ಬೆದೆಗೆ ಬಂದಿದೆಯೋ ಇಲ್ವೋ ನೋಡೋಕೆ ಇವನನ್ನ ಬಿಡ್ತಾರೆ. ಬಂದಿಲ್ಲ ಅಂದ್ರೆ ಒದೆ ಇವನಿಗೆ. ಬಂದಿದ್ರೆ ಇವನನ್ನ ಎಳ್ಕೊಂಡು ಹೋಗಿ, ದೊಡ್ಡ ವಂಶದವನನ್ನ ಕರ್ಕೊಂಡು ಬರ್ತಾರೆ. ಅಳಿಯಂದಿರೇ, ಯಾಕೆ ಶೂ ನೋಡ್ತಿದೀರಾ? ಕುದುರೆ ನೋಡಿ."

ನಾನು ಶೂ ನೋಡುತ್ತಿದ್ದದ್ದು ನಾಚಿಕೆಯಿಂದ. ನೋಡಿದ ಮೇಲೆ ತಿಳಿದದ್ದು, ನಾನು ನಿಂತದ್ದು ಲದ್ದಿಯ ಮೇಲೆ. ಅಷ್ಟರಲ್ಲಿ ಹೆಣ್ಣು ಕುದುರೆ ಕಿರುಚಿ ಹಲಗೆಗೆ ಎರಡೂ ಹಿಂಗಾಲಲ್ಲಿ ಝಾಡಿಸಿತು. ಟೀಸರ್ ಗಾಬರಿಯಾಗಲಿಲ್ಲ. ಇದು ಅವನ ನೌಕರಿ.

ಆಮೇಲೆ ಗೈಡ್ ನಮ್ಮನ್ನು ಆ ಫಾರ್ಮಿನ ಹೆಮ್ಮೆಯ ರೇಸ್ ಕುದುರೆಯ ಹತ್ತಿರ ಕರೆದ. ದೊಡ್ಡಮ್ಮ ಬರಲಿಲ್ಲ. ಗೈಡನ ಒಪ್ಪಿಗೆ ಪಡೆದು, ಚೀಲದಿಂದ ಬೆಲ್ಲದ ತುಂಡು ತೆಗೆದು ಅಂಗೈಯಲ್ಲಿಟ್ಟು ಟೀಸರ್‌ಗೆ ತಿನ್ನಿಸುತ್ತಾ ನಿಂತರು. ಅದು ಬೆಲ್ಲ ಮುಗಿಸಿ ಸೆರಗಿಗೂ ಬಾಯಿ ಹಾಕಿತು.

ಮಧ್ಯಾಹ್ನ ಒಂದು ಓಕ್ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಗೈಡ್ ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡು ಗಾಡಿಯೊಳಗೆ ಹೋಗಿ ನಿದ್ದೆ ಹೋದ. ದೊಡ್ಡಮ್ಮ ಬೆರಳು ನೆಕ್ಕುತ್ತಾ, "ಪಾಪ, ಅವನಂಥವಳೇ ನಾನೂ" ಎಂದರು.

"ಯಾರ ಥರ?" ಎಂದಳು ನನ್ನ ಹೆಂಡತಿ.

"ಟೀಸರ್ ಥರ ಕಣೇ. ನಿಮ್ಮಪ್ಪ ಮೊದಲು ನೋಡೋಕೆ ಬಂದಿದ್ದು ನನ್ನ. ಅಲಂಕಾರ ಮಾಡಿ ಕೂರಿಸಿದ್ರು, ಎರಡು ಕೀರ್ತನೆ ಹಾಡ್ಸಿದ್ರು. ಉಪ್ಪಿಟ್ಟು ತಂದಿದ್ದು ನಿಮ್ಮಮ್ಮ. ಮನೆಗೆ ಹೋಗಿ ನಿಮ್ಮಮ್ಮನೇ ಆಗಬಹುದು ಅಂತ ಹೇಳಿ ಕಳಿಸಿದ್ರು."

ನನ್ನ ಹೆಂಡತಿಯ ಕೈಯಲ್ಲಿದ್ದ ಮೊಸರನ್ನದ ಡಬ್ಬಿ ಅಲ್ಲೇ ನಿಂತಿತು. ನಲವತ್ತೆರಡು ವರ್ಷದಲ್ಲಿ ಅವಳಿಗೆ ಯಾರೂ ಇದನ್ನು ಹೇಳಿರಲಿಲ್ಲ. "ಅಪ್ಪನಾ? ನಮ್ಮಪ್ಪನಾ?"

"ಬೇಜಾರು ಮಾಡ್ಕೊಳ್ಳೋದೇನಿದೆ ಅದ್ರಲ್ಲಿ? ನಿಮ್ಮಪ್ಪನ ಗೊರಕೆ ನಿಮ್ಮಮ್ಮನ ಪಾಲಿಗೆ ಹೋಯ್ತು, ನಾನು ಎಂ.ಎಸ್ಸಿ. ಮಾಡ್ದೆ. ಮೊಸರನ್ನ ಈ ಕಡೆ ಕೊಡು."

ವಾಪಸ್ ಬರುವಾಗ ಹೆಂಡತಿ ಕಾರಣವಿಲ್ಲದೆ ನನ್ನ ಮೇಲೂ ಸಿಟ್ಟಾಗಿದ್ದಳು. ಗಂಡಸರ ಕುಲದವರ ಪೈಕಿ ಗಾಡಿಯಲ್ಲಿ ಕೈಗೆ ಸಿಕ್ಕಿದ್ದವನು ನಾನೊಬ್ಬನೇ. ಗೈಡ್ ಯಾವ ಲೆಕ್ಕಕ್ಕೂ ಇರಲಿಲ್ಲ. ಅವನು ಹುಲ್ಲಿನ ವಿಷಯ ಹೇಳುತ್ತಿದ್ದ.

ಮಾರನೆಯ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ನಿಂತು ಮೈಸೂರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು. ದೊಡ್ಡಮ್ಮ ಟೇಬಲ್ಲಿನ ಹತ್ತಿರ ಬಟಾಣಿ ಬಿಡಿಸುತ್ತಿದ್ದರು. ಕ್ಷೇಮಸಮಾಚಾರವನ್ನೂ ಕೇಳದೆ, "ಅಪ್ಪ, ನೀವು ದೊಡ್ಡಮ್ಮನ್ನ ಬೇಡ ಅಂದಿದ್ರಂತೆ?" ಎಂದಳು.

ಮಾವ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ನಾನ್ಯಾಕೆ ಬೇಡ ಅನ್ಲಿ? ನನಗೆ ಒಪ್ಪಿಗೆ ಆಗಿತ್ತು. ಕೈ ತೊಳೆಯೋಕೆ ಹಿತ್ತಲಿಗೆ ಹೋದಾಗ ಅವರೇ ಬಂದು, 'ನಾನು ಓದ್ಬೇಕು, ನೀವು ನನ್ನ ಒಪ್ಪಲಿಲ್ಲ ಅಂತ ಹೇಳಿಬಿಡಿ, ನಮ್ಮ ತಂಗಿಗೆ ನೀವು ಹಿಡಿಸಿದೀರಾ' ಅಂದ್ರು. ನಾನೂ ಹೂಂ ಅಂದೆ. ಇದನ್ನೆಲ್ಲ ನಿಮ್ಮಮ್ಮನಿಗೆ ಹೇಳ್ಬೇಡ. ನಾನು ಅವಳನ್ನೇ ನೋಡಿ ಮೆಚ್ಚಿದೆ ಅಂತ ಇವತ್ತಿಗೂ ಎಲ್ರ ಹತ್ರ ಹೇಳ್ಕೊಂಡು ತಿರುಗ್ತಾಳೆ."

ಅಷ್ಟರಲ್ಲಿ ಬಾಗಿಲಾಚೆಯಿಂದ ಅತ್ತೆಯ ಧ್ವನಿ ಬಂತು: "ಯಾರ್ರೀ ಫೋನಲ್ಲಿ?" ಮಾವ ತಟ್ಟನೆ ಹವಾಮಾನದ ವಿಷಯ ಎತ್ತಿಕೊಂಡರು.

ಫೋನ್ ಇಟ್ಟ ಮೇಲೆ ಹೆಂಡತಿ ದೊಡ್ಡಮ್ಮನ ಕಡೆ ತಿರುಗಿದಳು. "ಮತ್ತೆ ನಿನ್ನೆ ಯಾಕೆ ಹಾಗೆ ಹೇಳಿದ್ರಿ?"

"ಮನೇಲಿ ಎಲ್ರಿಗೂ ಗೊತ್ತಿರೋ ಕಥೆ ಅದೇ ಕಣೇ. ನಿಮ್ಮಮ್ಮ ಗೆದ್ದಿದ್ದು ಅದೊಂದು ಸಲ. ಓದಲ್ಲಿ, ಹಾಡಲ್ಲಿ, ಎಲ್ಲಾದ್ರಲ್ಲೂ ನಾನೇ ಮುಂದಿದ್ದೆ. ಅದನ್ನೂ ನಾನೇ ಬಿಟ್ಟುಕೊಟ್ಟಿದ್ದು ಅಂತ ಗೊತ್ತಾದ್ರೆ ಹೇಗಿರತ್ತೆ ಅವಳಿಗೆ?" ಎಂದು ಒಂದು ಬಟಾಣಿ ಬಾಯಿಗೆ ಹಾಕಿಕೊಂಡು, "ನಿಮ್ಮಪ್ಪ ಐವತ್ತು ವರ್ಷ ಬಾಯಿ ಬಿಗಿ ಹಿಡಿದಿದ್ದೋರು, ಒಂದು ಫೋನಿಗೆ ಎಲ್ಲಾ ಕಕ್ಕಿಬಿಟ್ರು. ಇಂಥವರನ್ನ ಕಟ್ಕೊಳ್ಳದೇ ಇದ್ದಿದ್ದೇ ಒಳ್ಳೇದಾಯ್ತು" ಎಂದರು.

ಹೆಂಡತಿ ಕುರ್ಚಿ ಎಳೆದುಕೊಂಡು ಅವರ ಭುಜಕ್ಕೆ ಒರಗಿ ಕೂತು, ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು ಬಿಡಿಸತೊಡಗಿದಳು. ನನ್ನನ್ನು ಕೊತ್ತಂಬರಿ ಸೊಪ್ಪು ತರಲು ಕಳಿಸಿದರು.