ಮಾಲಕಿಯ ಬೆಳಕು

ಭಾಲ್ಕಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ನಿವೃತ್ತ ನರ್ಸ್. ಅವರ ಅಡುಗೆಮನೆಗೆ ಇದ್ದದ್ದು ಪೂರ್ವದ ಒಂದೇ ಕಿಟಕಿ. ಪಕ್ಕದವರು ಇಣುಕುತ್ತಾರೆಂದು ಅದಕ್ಕೂ ಸದಾ ದಪ್ಪ ಪರದೆ. ಆ ಪಕ್ಕದವರೇ ಕಿಟಕಿಗೆ ಅಡ್ಡವಾಗಿ ಗೋಡೆ ಎಬ್ಬಿಸತೊಡಗಿದಾಗ ಮಾಲಕಿ ಸೆರಗು ಸಿಕ್ಕಿಸಿಕೊಂಡು ಕೋರ್ಟಿಗೆ ಹೋದರು. ಇಪ್ಪತ್ತು ವರ್ಷ ಬೆಳಕು ಬಂದ ಕಿಟಕಿಯನ್ನು ಯಾರೂ ಕತ್ತಲು ಮಾಡುವಂತಿಲ್ಲ ಎಂದು ವಕೀಲರು ಹೇಳಿದ ಮೇಲಂತೂ ಹಾಲಿನವನಿಗೂ ಅದೇ ಮಾತು: "ಬೆಳಕು ನಂದದ ರಿ."

ಸ್ಥಳ ನೋಡಲು ಕೋರ್ಟ್ ಕಮಿಷನರ್ ಬಂದರು. ಪಕ್ಕದವರು ಪರದೆ ತೋರಿಸಿ ನಕ್ಕರು. "ಇದು ಯಾವಾಗ ತೆಗಿತಾರ ಕೇಳ್ರಿ ಸಾಹೇಬ್ರ."

ಮಾಲಕಿ ಕಮಿಷನರರ ಕೈಗೆ ಚಹಾ ಕೊಟ್ಟು ಮೆಲ್ಲಗೆ ಹೇಳಿದರು. "ಪರದಾ ನನ್ನ ಮರ್ಜಿ ರಿ. ನಾ ಬೇಕಂದ್ರ ತೆಗಿತೇನಿ. ಗ್ವಾಡಿ ನಾ ತೆಗಿಲಿಕ್ಕಿ ಬರ್ತದೇನ್ರಿ?"

ಕೊನೆಗೆ ಕೋರ್ಟು ಗೋಡೆಯನ್ನು ಕಿಟಕಿಯ ಕೆಳಗೇ ನಿಲ್ಲಿಸಿತು. ಮರುದಿನ ಬೆಳಿಗ್ಗೆ ಮಾಲಕಿ ನನ್ನನ್ನು ಕರೆದು, ನನ್ನೆದುರೇ ಪರದೆ ಸರಿಸಿದರು. ಬಿಸಿಲು ನೇರ ಒಲೆಯ ಹಿಂದಿನ ಗೋಡೆಗೆ ಬಿತ್ತು. ವರ್ಷಗಟ್ಟಲೆಯ ಒಗ್ಗರಣೆಯ ಜಿಡ್ಡು ಮಿರಮಿರ ಮಿಂಚಿತು. ಅವರು ಅದನ್ನೇ ತುಸು ಹೊತ್ತು ನೋಡಿದರು.

"ಅಡಗಿಗಿ ಇಷ್ಟ್ಯಾಕ ಬೆಳಕು ಬೇಕ್ರಿ" ಎನ್ನುತ್ತ ಪರದೆ ಎಳೆದುಬಿಟ್ಟರು.